ಚೆನ್ ಆಯಿಯ ಬಿಸಿನೀರು

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಕೂಲರ್ ರಿಪೇರಿಗೆ ಬಂದಿದ್ದ ಮೈಬೂಬ ಪಂಪು ಬಿಚ್ಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತ ಕುಳಿತ. ನಾನು ಫ್ಲಾಸ್ಕಿನ ಬೂಚು ತೆಗೆದು ಮಗ್ಗಿಗೆ ನೀರು ಬಗ್ಗಿಸಿಕೊಳ್ಳುತ್ತಿದ್ದೆ. ಹಬೆ ಎದ್ದಿತು.

"ಸರ್, ಮೈಯಾಗ ಆರಾಮ ಇಲ್ಲೇನ್ರಿ?"

"ಆರಾಮ ಅದೀನಿ. ಯಾಕ?"

"ಇಂಥಾ ಬಿಸಲಾಗ ಬಿಸಿನೀರು ಕುಡಿಯಾಕತ್ತೀರಿ. ನೋಡಿ ನನಗ ಬೆವರು ಬಂತ್ರಿ."

ಅಡುಗೆಮನೆಯಿಂದ ನನ್ನ ಹೆಂಡತಿ ದನಿಗೂಡಿಸಿದಳು. "ಚೀನಾದಾಗ ಒಂದ್ ವರ್ಷ ಇದ್ದು ಬಂದಾರಪ್ಪ. ಮಂದಿ ಅಲ್ಲಿಂದ ರೇಶ್ಮಿ ತರ್ತಾರ, ಇವರು ಈ ಚಟ ತಂದಾರ."

ನಿಮಗೂ ನಗು ಬಂದಿದ್ದರೆ ನಕ್ಕುಬಿಡಿ. ನಾನೂ ಮೊದಲು ನಕ್ಕವನೇ. ಆದರೆ ತೊಯ್ದ ಬೂಚಿನ ಆ ವಾಸನೆ ಮೂಗಿಗೆ ಹತ್ತಿದರೆ ಸಾಕು, ನಾಲ್ಕು ಅಂತಸ್ತಿನ ಒಂದು ಕಟ್ಟಡ, ಅದರ ಮೆಟ್ಟಿಲು, ಮೆಟ್ಟಿಲು ಹತ್ತಿ ಬರುವ ಒಬ್ಬ ಮುದುಕಿ, ಎಲ್ಲ ಕಣ್ಣ ಮುಂದೆ ಬರುತ್ತವೆ.

ಕಲಬುರಗಿಯಲ್ಲಿ ಇಂಗ್ಲಿಷ್ ಕಲಿಸಿಕೊಂಡಿದ್ದ ನಾನು ತೊಂಬತ್ತರ ದಶಕದ ಕೊನೆಗೆ ಚೀನಾದ ಒಂದು ಸಣ್ಣ ಊರಿನ ಕಾಲೇಜಿಗೆ ಒಂದು ವರ್ಷದ ಮಟ್ಟಿಗೆ ಮಾಸ್ತರಾಗಿ ಹೋದೆ. ಆ ಊರು ಕಂಡ ಮೊದಲ ಪರದೇಶದ ಮಾಸ್ತರ ನಾನೇ ಇರಬೇಕು. ಮೊದಲ ವಾರ ಹುಡುಗರು ಪಾಠ ಕೇಳಲಿಲ್ಲ, ನನ್ನ ಮೀಸೆ ನೋಡಿದರು. ಸಂತೆಗೆ ಹೋದರೆ ತರಕಾರಿಯವಳು ನನ್ನ ಚೀಲದೊಳಗೆ ಇಣುಕಿ ಪಕ್ಕದವಳಿಗೆ ವರದಿ ಒಪ್ಪಿಸುತ್ತಿದ್ದಳು. ನಾನು ಬದನೆಕಾಯಿ ತಿನ್ನುತ್ತೇನೆಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮಧ್ಯಾಹ್ನ ಉಂಡ ಮೇಲೆ ಇಡೀ ಕಾಲೇಜು ಮಲಗುತ್ತಿತ್ತು, ಪ್ರಿನ್ಸಿಪಾಲರು ಕುರ್ಚಿಯಲ್ಲಿ, ಗುಮಾಸ್ತರು ಟೇಬಲ್ಲಿನ ಮೇಲೆ ತಲೆಯಿಟ್ಟು. ಅದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲಗಳ ಮೇಲೆ ಮಲಗುವ ಹಮಾಲರನ್ನು ನೋಡಿ ಬೆಳೆದವನು ನಾನು.

ಒಗ್ಗದೆ ಉಳಿದದ್ದು ನೀರು. ಅಲ್ಲಿ ಯಾರೂ ತಣ್ಣೀರು ಕುಡಿಯುತ್ತಿರಲಿಲ್ಲ. ಸಂಜೆಯಾದರೆ ಹುಡುಗ ಹುಡುಗಿಯರು ಎರಡೆರಡು ಫ್ಲಾಸ್ಕು ಹಿಡಿದು ಬಾಯ್ಲರ್ ಮನೆಯ ಮುಂದೆ ಸಾಲು ನಿಲ್ಲುತ್ತಿದ್ದರು. ನಮ್ಮ ಓಣಿಯ ನಳದ ಮುಂದಿನ ಕೊಡಗಳ ಸಾಲೇ, ಜಗಳ ಮಾತ್ರ ಇಲ್ಲ.

ನಾನಿದ್ದ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದವಳು ಚೆನ್ ಎಂಬ ಮುದುಕಿ. ಹುಡುಗರು ಆಕೆಯನ್ನು ಕೂಗುವುದು ನನ್ನ ಕಿವಿಗೆ 'ಆಯಿ' ಎಂದೇ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅಜ್ಜಿಯನ್ನು ಕರೆಯುವುದೂ ಹಾಗೆಯೇ. ನಿಮಗೆ ಗೊಂದಲವಾಗದಿರಲಿ, ಈಕೆಯನ್ನು ಚೆನ್ ಆಯಿ ಎನ್ನುತ್ತೇನೆ.

ನಿತ್ಯ ಬೆಳಿಗ್ಗೆ ನಾಲ್ಕನೆಯ ಅಂತಸ್ತಿನ ನನ್ನ ಬಾಗಿಲ ಮುಂದೆ ಕೆಂಪು ಹೂವಿನ ಫ್ಲಾಸ್ಕೊಂದು ತುಂಬಿಕೊಂಡು ಕುಳಿತಿರುತ್ತಿತ್ತು. ಕೋಣೆಯ ಜೊತೆಗೆ ಸಿಗುವ ಸೌಕರ್ಯ ಎಂದುಕೊಂಡೆ. ಮಣ್ಣಿನ ರಂಜಣಿಗೆಯ ತಣ್ಣೀರು ಕುಡಿದು ಬೆಳೆದವನಿಗೆ ಬಿಸಿನೀರೆಂದರೆ ಒಂದೋ ಸ್ನಾನ, ಇಲ್ಲವೇ ಜ್ವರ. ಅಂಗಡಿಯಿಂದ ಬಾಟಲಿ ನೀರು ತಂದು ಕುಡಿಯುತ್ತಿದ್ದೆ. ಫ್ಲಾಸ್ಕಿನ ನೀರಿನಲ್ಲಿ ಕಾಲುಚೀಲ ಒಗೆಯುತ್ತಿದ್ದೆ. ಹೊಲಸು ಚೆನ್ನಾಗಿ ಬಿಡುತ್ತಿತ್ತು.

ಹೀಗೆ ಎರಡು ತಿಂಗಳು ಕಳೆದವು. ಒಂದು ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಬೋಗುಣಿಗೆ ನೀರು ಸುರಿದು ಕಾಲುಚೀಲ ತಿಕ್ಕುತ್ತ ಕುಳಿತಿದ್ದೆ. ಖಾಲಿ ಫ್ಲಾಸ್ಕು ಒಯ್ಯಲು ಬಂದ ಚೆನ್ ಆಯಿ ಹೊಸ್ತಿಲಲ್ಲೇ ನಿಂತಳು. ಹಬೆಯಾಡುವ ಬೋಗುಣಿ ನೋಡಿದಳು, ಮೇಜಿನ ಮೇಲಿನ ಬಾಟಲಿಗಳನ್ನು ನೋಡಿದಳು. ಫ್ಲಾಸ್ಕನ್ನು ಮುಟ್ಟದೆ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಆಕೆಗೆ ಮೊಣಕಾಲು ನೋವಿದೆಯೆಂದು ನಾನು ಗಮನಿಸಿದ್ದು ಅಂದೇ.

ಮರುದಿನ ನೀರು ಬರಲಿಲ್ಲ. ಅದರ ಮರುದಿನವೂ. ಪಕ್ಕದ ಕೋಣೆಯ ವಾಂಗ್ ಎಂಬ ಇಂಗ್ಲಿಷ್ ಮಾಸ್ತರನನ್ನು ಕೇಳಿದೆ. ಆತನದು ಅಚ್ಚುಕಟ್ಟಾದ ಪುಸ್ತಕದ ಇಂಗ್ಲಿಷು.

"ಇಲ್ಲಿ ಪ್ರತಿಯೊಬ್ಬರೂ ತಮ್ಮ ನೀರನ್ನು ತಾವೇ ತಂದುಕೊಳ್ಳುತ್ತಾರೆ. ನಿಮಗೆ ತಂದುಕೊಡುವಂತೆ ಆಕೆಗೆ ಯಾರೂ ಆದೇಶಿಸಿರಲಿಲ್ಲ. ದೂರದ ಮನುಷ್ಯ, ಹೊಟ್ಟೆ ಕೆಡಬಾರದು ಎಂಬುದು ಆಕೆಯ ಅಭಿಪ್ರಾಯವಾಗಿತ್ತು." ಮತ್ತೆ ಹೇಳಿದ: "ಇನ್ನೊಬ್ಬರ ಕೈಯ ನೀರನ್ನು ನಿಮ್ಮ ಕಡೆಯವರು ಕುಡಿಯುವುದಿಲ್ಲವೇ ಎಂದು ನನ್ನನ್ನು ಕೇಳಿದಳು."

ಆ ಪ್ರಶ್ನೆಯನ್ನು ಲೋಕದಲ್ಲಿ ಯಾರಿಗೆ ಬೇಕಾದರೂ ಕೇಳಬಹುದಿತ್ತು, ನನಗಲ್ಲ.

ನಮ್ಮ ಆಯಿ ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡಿದವಳು. ನೀರಡಿಸಿದರೆ ಬಾಗಿ ನಿಂತು ಎರಡೂ ಕೈ ಬೊಗಸೆ ಮಾಡಬೇಕು, ಯಾರೋ ಮೇಲಿನಿಂದ ಸುರಿಯುತ್ತಾರೆ. ಮುಂದೆ ನಮ್ಮ ಗೋಡೆಗೆ ಬುದ್ಧನ ಪಟ ಬಂತು, ಅಪ್ಪನಿಗೆ ನೌಕರಿ ಬಂತು, ಮನೆ ತುಂಬ ತಂಬಿಗೆ ಲೋಟ ಬಂದವು. ಎಂಬತ್ತರ ಆಸುಪಾಸಿನಲ್ಲಿ, ನಾನು ನಾಲ್ಕು ದಿನ ಸಾಲಿ ತಪ್ಪಿಸಿದೆನೆಂದು ನಮ್ಮ ಮಾಸ್ತರರು ಉರಿಬಿಸಿಲಿನಲ್ಲಿ ಮನೆಯ ತನಕ ನಡೆದು ಬಂದರು. ಒಳ್ಳೆಯ ಮನುಷ್ಯರೇ. ಆಯಿ ತಂಬಿಗೆಯನ್ನು ಬೂದಿ ಹಾಕಿ ಮತ್ತೊಮ್ಮೆ ತಿಕ್ಕಿ ನೀರು ತಂದಳು, ಜೊತೆಗೆ ಬೆಲ್ಲದ ತುಣುಕು.

"ಬ್ಯಾಡ ಬಿಡವ್ವ, ಈಗ ಕುಡದು ಬಂದೀನಿ."

ಅವರು ಹೋದ ಮೇಲೆ ಆಯಿ ಆ ನೀರನ್ನು ಬೇವಿನ ಬುಡಕ್ಕೆ ಸುರಿದು, ಗಿಡಕ್ಕೆ ಹೇಳುವಂತೆ ಅಂದಳು: "ದಾರ್‍ಯಾಗ ಬಾವಿ ಇಲ್ಲ, ನಳ ಇಲ್ಲ. ಮಾಸ್ತರ ಎಲ್ಲಿ ಕುಡದು ಬಂದಾರ?"

ಚೀನಾದಲ್ಲಿ ಈಗ ಆ ಮಾಸ್ತರ ನಾನಾಗಿದ್ದೆ.

ಫ್ಲಾಸ್ಕು ಹಿಡಿದು ಕೆಳಗಿಳಿದು ಚೆನ್ ಆಯಿಯ ಕೋಣೆಗೆ ಹೋದೆ. ವಾಂಗನನ್ನು ಕರೆಯಲಿಲ್ಲ, ಇಂಥ ಮಾತಿಗೆ ದುಭಾಷಿ ಇರಬಾರದು ಅನ್ನಿಸಿತು. ಆದರೆ ನನಗೆ ಬರುತ್ತಿದ್ದ ಭಾಷೆ ಬದನೆಕಾಯಿ ಕೊಳ್ಳುವಷ್ಟು ಮಾತ್ರ. ಬೇರೇನೂ ತೋಚದೆ ಬಾಗಿ, ಎರಡೂ ಕೈ ಬೊಗಸೆ ಮಾಡಿ ಚಾಚಿದೆ. ನಾನು ಎಂದೂ ಹಾಗೆ ನೀರು ಕುಡಿದವನಲ್ಲ. ಆಯಿ ಮಾಡಿ ತೋರಿಸಿದ್ದು ಕೈಗೆ ನೆನಪಿತ್ತು.

ಚೆನ್ ಆಯಿಗೆ ಗಾಬರಿ. ಕುದಿಯುವ ನೀರನ್ನು ಯಾರಾದರೂ ಕೈಗೆ ಹಾಕುತ್ತಾರೆಯೇ? ಅಂಗೈಗೆ ಫಟ್ಟನೆ ಒಂದು ಕೊಟ್ಟು, ಏನೇನೋ ಬೈದು, ಕೈ ಹಿಡಿದು ಕೂಡಿಸಿದಳು. ತಾನು ದಿನಾ ಕುಡಿಯುವ ಮುಚ್ಚಳದ ಮಗ್ಗನ್ನು ಅಂಗಿಯ ಚುಂಗಿನಿಂದ ಒರೆಸಿ, ನೀರು ತುಂಬಿ ನನ್ನ ಕೈಗಿಟ್ಟಳು. ನಾಲಗೆ ಸುಟ್ಟಿತು. ಕುಡಿದೆ. ಇನ್ನೊಂದು ತುಂಬಿದಳು, ಅದನ್ನೂ ಕುಡಿದೆ. ಮೂರನೆಯದಕ್ಕೆ ನಾನು ಊದತೊಡಗಿದಾಗ ಆಕೆ ನಕ್ಕಳು.

ಅಂದು ಸಂಜೆಯಿಂದ ಬಾಯ್ಲರ್ ಮನೆಯ ಸಾಲಿನಲ್ಲಿ ನಾನೂ ನಿಂತೆ, ಒಂದು ಕೈಯಲ್ಲಿ ನನ್ನ ಫ್ಲಾಸ್ಕು, ಇನ್ನೊಂದರಲ್ಲಿ ಆಕೆಯದು. ಹೊರಡುವ ದಿನ ಆಕೆ ನನ್ನ ಆ ಕೆಂಪು ಹೂವಿನ ಫ್ಲಾಸ್ಕನ್ನೂ ತನ್ನ ಮಗ್ಗನ್ನೂ ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿ ತುರುಕಿದಳು.

"ಅಕ್ಕಾ, ಕುಡಿಯಾಕ ಒಂದಿಷ್ಟು ನೀರು ಕೊಡ್ರಿ." ಇತ್ತ ನಮ್ಮ ಮನೆಯಲ್ಲಿ ಮೈಬೂಬ ಪಂಪು ಕೆಳಗಿಟ್ಟು ಕೂಗಿದ.

ಹೆಂಡತಿ ಹೊರಗೆ ಬಂದು ಕಿಟಕಿಯಲ್ಲಿದ್ದ ಸ್ಟೀಲ್ ಲೋಟಕ್ಕೆ ಕೈ ಚಾಚಿದಳು. ಗೌಂಡಿ, ಪೇಂಟರ್, ರಿಪೇರಿಯವರು ಬಂದಾಗ ಮಾತ್ರ ಕೊಡುವ ಲೋಟ. ಅದು ಅಲ್ಲಿಗೆ ಯಾವಾಗ ಬಂತೋ, ಯಾರೂ ಯಾರಿಗೂ ಹೇಳಿ ಇಟ್ಟದ್ದಲ್ಲ. ದಿನಾ ಕಣ್ಣಿಗೆ ಬೀಳುತ್ತಿದ್ದದ್ದು ಇವತ್ತು ಕಂಡಿತು.

"ತಡಿ," ಎಂದು ಎದ್ದೆ. ಚೆನ್ ಆಯಿಯ ಮಗ್ಗನ್ನು ತೊಳೆದು, ಫ್ಲಾಸ್ಕಿನಿಂದ ತುಂಬಿ ಅವನ ಕೈಗಿಟ್ಟೆ.

ಮೈಬೂಬ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಸರ್, ನಿಮ್ಮ ಪ್ರೀತಿ ಭಾಳ ದೊಡ್ಡದು, ಖರೆ. ತಣ್ಣನ್ನ ನೀರು ಇಲ್ಲೇನ್ರಿ?"

ಹೆಂಡತಿ ನಗುತ್ತ ರಂಜಣಿಗೆಯ ಮುಚ್ಚಳ ತೆಗೆದು ಅದೇ ಮಗ್ಗು ತುಂಬಿಕೊಟ್ಟಳು. ಕಿಟಕಿಯ ಲೋಟವನ್ನು ನಾನು ಒಳಗೆ ಒಯ್ದು ಉಳಿದ ಲೋಟಗಳ ನಡುವೆ ಇಟ್ಟೆ. ಈಗ ಹುಡುಕಿದರೆ ನನಗೂ ಗುರುತು ಸಿಗಲಿಕ್ಕಿಲ್ಲ.