ಗೊಂಬೆಗಳ ತಲೆ ಬಾಚಿದ ತೊಕುಜಿ

ನಮ್ಮ ಪೇಟೆಬೀದಿಯಲ್ಲಿ ನನ್ನ ತತಾಮಿ ಚಾಪೆಯ ಅಂಗಡಿಗೆ ಅಂಟಿಕೊಂಡೇ ಇರುವುದು ಇವಾಬುಚಿ ತೊಕುಜಿಯ ಕ್ಷೌರದಂಗಡಿ. ನಡುವೆ ಇರುವುದು ಒಂದೇ ಗೋಡೆಯಾದ್ದರಿಂದ ಅವನ ಕತ್ತರಿಯ ಸದ್ದು ನನಗೆ, ನನ್ನ ಕೆಮ್ಮು ಅವನಿಗೆ ಕೇಳುತ್ತದೆ. ಊರಿನವರ ತಲೆಯನ್ನೆಲ್ಲ ಒಪ್ಪ ಮಾಡುವ ಈ ಮನುಷ್ಯನ ತಲೆ ಮಾತ್ರ ಪ್ರಾಯದಲ್ಲೇ ಬೋಳಾಗಿತ್ತು. "ಹೆದರ್ಬೇಡಿ, ಇದು ನನ್ನ ಕೈಕೆಲಸ ಅಲ್ಲ" ಎಂದು ಹೊಸ ಗಿರಾಕಿಗಳಿಗೆ ಅವನೇ ಮೊದಲು ಹೇಳಿಬಿಡುತ್ತಿದ್ದ.

ತೊಕುಜಿಗೆ ಒಂದು ಹುಚ್ಚಿತ್ತು. ಕುಡಿತವಲ್ಲ, ಜೂಜಲ್ಲ, ಊರೂರಿನ ಮ್ಯೂಸಿಯಂ. ನಮ್ಮ ಇವಾತೆ ಸೀಮೆಯಲ್ಲಿ ಪ್ರತಿಯೊಂದು ಊರಿಗೂ ಅಂಥದ್ದೊಂದು ಇರುತ್ತದೆ, ಮುಚ್ಚಿದ ಶಾಲೆಯಲ್ಲೋ ಹಳೆಯ ರೇಷ್ಮೆಗೂಡಿನ ಗೋದಾಮಿನಲ್ಲೋ. ಒಳಗೆ ಆ ಊರಿನ ನೇಗಿಲು, ಹುಲ್ಲಿನ ಹಿಮಬೂಟು, ಹೊಟ್ಟು ತುಂಬಿ ನಿಲ್ಲಿಸಿದ ಕರಡಿ, ಹೊಳೆಯಲ್ಲಿ ಸಿಕ್ಕಿದ ಕಲ್ಲಾದ ಚಿಪ್ಪು. ಗಿರಾಕಿ ಬಂದು ಕುರ್ಚಿಯಲ್ಲಿ ಕೂತರೆ ಸಾಕು, "ನಿಮ್ಮೂರ ಮ್ಯೂಸಿಯಂನಲ್ಲಿ ಏನಿದೆ?" ಎಂದು ಕೇಳುತ್ತಿದ್ದ. ಕಡಲೂರಿನ ಮೀನು ವ್ಯಾಪಾರಿಯೊಬ್ಬ ತಮ್ಮಲ್ಲಿ ತಿಮಿಂಗಿಲದ ದವಡೆ ಇದೆ, ಅದರೊಳಗೆ ಮನುಷ್ಯ ನಿಲ್ಲಬಹುದು ಅಂದಾಗ ತೊಕುಜಿ ಕತ್ತರಿ ಎತ್ತಿದವನು ಹಾಗೇ ನಿಂತುಬಿಟ್ಟಿದ್ದ.

ಆದರೆ ಇಷ್ಟೆಲ್ಲ ಕೇಳಿದವನು ಒಂದು ಮ್ಯೂಸಿಯಂನ ಒಳಗೂ ಕಾಲಿಟ್ಟಿರಲಿಲ್ಲ. ನಮ್ಮ ಕಡೆ ಕ್ಷೌರದಂಗಡಿಗಳಿಗೆ ರಜೆ ಸೋಮವಾರ. ಮ್ಯೂಸಿಯಂಗಳಿಗೂ ರಜೆ ಸೋಮವಾರವೇ. ಸೋಮವಾರ ಹಬ್ಬ ಬಿದ್ದರೆ ಅವು ತೆರೆದಿರುತ್ತಿದ್ದವು, ನಿಜ. ಆದರೆ ಹಬ್ಬಕ್ಕೆ ಊರಿಗೆ ಬಂದ ಮಂದಿಯೆಲ್ಲ ಅವತ್ತೇ ಅವನ ಅಂಗಡಿಗೆ ತಲೆ ಕೊಡಲು ಬರುತ್ತಿದ್ದರು.

"ಮಂಗಳವಾರ ಮುಚ್ಚಿ ಅಂದ್ರೆ ಕೇಳಲ್ಲ" ಎಂದು ಹೆಂಡತಿ ಕಿನುಯೊ ಗೊಣಗುತ್ತಿದ್ದಳು.

"ಮಂಗಳವಾರ ಆಸ್ಪತ್ರೆಗೆ ಬರೋ ಮುದುಕರೆಲ್ಲ ಆಮೇಲೆ ನೇರ ಇಲ್ಲಿಗೇ ಬರೋದು. ಬಾಗಿಲು ಹಾಕಿದ್ರೆ ಪಾಪ, ಬಸ್ ಬರೋವರೆಗೂ ಎಲ್ಲಿ ಕೂತ್ಕೋತಾರೆ?"

ಅದಕ್ಕಾಗಿ ಅವನು ಒಂದು ಉಪಾಯ ಹುಡುಕಿಕೊಂಡಿದ್ದ. ಸೋಮವಾರ ನಾನು ಸಣ್ಣ ಲಾರಿಯಲ್ಲಿ ಚಾಪೆ ಒಪ್ಪಿಸಲು ಹೊರಟರೆ ಜೊತೆಗೆ ಹತ್ತಿಕೊಳ್ಳುತ್ತಿದ್ದ. ಹೋದ ಊರಿನ ಮ್ಯೂಸಿಯಂ ಹುಡುಕಿ, ಮುಚ್ಚಿದ ಗಾಜಿನ ಬಾಗಿಲಿಗೆ ಮುಖ ಒತ್ತಿ, ಕಣ್ಣಿನ ಎರಡೂ ಕಡೆ ಕೈ ಅಡ್ಡ ಇಟ್ಟು ಒಳಗೆ ನೋಡುತ್ತಿದ್ದ. ಹಾಗೆ ಅವನು ಎಷ್ಟೋ ಊರಿನ ಕರಡಿಗಳ ಬೆನ್ನು ನೋಡಿದ್ದ, ನೀರಿನ ಚಕ್ರದ ಅರ್ಧ ನೋಡಿದ್ದ. ಒಂದು ಕಡೆಯಂತೂ ಬರೀ ಛತ್ರಿ ಇಡುವ ಸ್ಟ್ಯಾಂಡ್ ನೋಡಿ ಬಂದು, "ಪ್ರವೇಶದ್ವಾರ ಚೆನ್ನಾಗಿತ್ತು" ಅಂದ.

ಒಂದು ಶರತ್ಕಾಲದ ಸೋಮವಾರ ನಾವು ಕಣಿವೆಯಾಚೆಯ ತಕಿನೊಸಾವಾಕ್ಕೆ ಹೋಗಿದ್ದೆವು. ದೇವಸ್ಥಾನಕ್ಕೆ ಚಾಪೆ ಇಳಿಸಿ ನಾನು ಮ್ಯೂಸಿಯಂ ಹತ್ತಿರ ಬರುವ ಹೊತ್ತಿಗೆ ಒಳಗಿನಿಂದ ಕಿಟಾರನೆ ಕಿರುಚಿದ ಸದ್ದು ಕೇಳಿತು. ಮ್ಯೂಸಿಯಂ ನೋಡಿಕೊಳ್ಳುವ ಉಸುಯಿ ಚಿಗುಸಾ ಎಂಬ ಹೆಂಗಸು ಒಬ್ಬಳೇ ಧೂಳು ಹೊಡೆಯುತ್ತಿದ್ದವಳು, ತಿರುಗಿದರೆ ಗಾಜಿಗೆ ಅಂಟಿದ ಬೋಳು ತಲೆ! ಪೊರಕೆ ಹಿಡಿದುಕೊಂಡೇ ಬಾಗಿಲು ತೆರೆದಳು.

"ಇವತ್ತು ರಜಾ!"

"ಗೊತ್ತು ತಾಯಿ. ನನಗೂ ರಜಾ. ಅದೇ ನನ್ನ ಕಷ್ಟ."

ಅವನು ತನ್ನ ಕಷ್ಟ ವಿವರಿಸಿದ. ಚಿಗುಸಾ ಮೊದಲು ಬಿಗಿಮುಖ ಮಾಡಿದ್ದಳು. ಛತ್ರಿ ಸ್ಟ್ಯಾಂಡಿನ ಕಥೆಗೆ ಬರುವಷ್ಟರಲ್ಲಿ ಪೊರಕೆ ಊರಿಕೊಂಡು ನಗುತ್ತಿದ್ದಳು. "ಬನ್ನಿ, ಸ್ವಲ್ಪ ಹೊತ್ತು ನೋಡ್ಕೊಂಡ್ ಹೋಗಿ. ಲೈಟ್ ಮಾತ್ರ ಹಾಕಲ್ಲ."

ಆಸೆಪಟ್ಟು ಒಳಗೆ ಹೋದವನು ನೇಗಿಲು ನೋಡಲಿಲ್ಲ, ಕರಡಿ ನೋಡಲಿಲ್ಲ. ಒಂದು ಮೂಲೆಯಲ್ಲಿ ಹಿಂದಿನ ಕಾಲದ ರೈತರ ಮನೆ ಕಟ್ಟಿ, ಒಲೆಯ ಸುತ್ತ ಆಳೆತ್ತರದ ಗೊಂಬೆಗಳನ್ನು ಕೂರಿಸಿದ್ದರು: ಅಜ್ಜ, ಅಜ್ಜಿ, ಗಂಜಿ ತಿರುವುತ್ತಿರುವ ಸೊಸೆ. ತೊಕುಜಿ ಅವುಗಳ ಮುಂದೆ ನಿಂತವನು ಕದಲಲೇ ಇಲ್ಲ. ಅವು ಮುಚ್ಚಿದ ಬಟ್ಟೆ ಅಂಗಡಿಯಿಂದ ಬಂದ ಗೊಂಬೆಗಳು. ಸೊಸೆಗೆ ತೇಪೆ ಹಾಕಿದ ನೂಲಿನ ಉಡುಪು, ತಲೆಯಲ್ಲಿ ಮಾತ್ರ ಜೇನುಬಣ್ಣದ ಗುಂಗುರು ಕೂದಲು. ಅಜ್ಜನಿಗೆ ತೊಡಿಸಿದ್ದ ಕೃತಕ ಕೂದಲಿನ ಟೋಪನ್ ಹಿಂದುಮುಂದಾಗಿತ್ತು.

"ಈಯಮ್ಮ ಗಂಜಿ ಕಾಯಿಸ್ತಿದಾಳೋ, ಡ್ಯಾನ್ಸಿಗೆ ಹೊರಟಿದಾಳೋ?" ಅಂದ ತೊಕುಜಿ.

ಚಿಗುಸಾ ಕೆಂಪಾದಳು. "ಶಾಲೆ ಮಕ್ಕಳೂ ಅದನ್ನೇ ಕೇಳ್ತಾವೆ. ನೇಗಿಲಿನ ಬಗ್ಗೆ ಹೇಳೋಕೆ ಬಾಯಿ ಬಿಟ್ರೆ ಎಲ್ಲಾ ಇವಳ ತಲೆ ನೋಡ್ಕೊಂಡು ನಗ್ತಿರ್ತಾವೆ."

"ಮುಂದಿನ ಸೋಮವಾರ ಬರಲಾ? ನಿಮಗೂ ರಜಾ, ನನಗೂ ರಜಾ."

ಹಳೆಯ ವಸ್ತು ಯಾವುದನ್ನೂ ಮುಟ್ಟಬಾರದು, ಟೋಪನ್ ಮಾತ್ರ ಎಂಬ ಷರತ್ತಿನ ಮೇಲೆ ಆಕೆ ಒಪ್ಪಿದಳು. ಅದನ್ನು ಕೇಳಿ ಮನೆಯಲ್ಲಿ ಕಿನುಯೊ ಸೊಂಟದ ಮೇಲೆ ಕೈಯಿಟ್ಟಳು. "ಜೀವ ಇರೋ ಹೆಂಡ್ತಿ ತಲೆ ಕಡೆ ತಿರುಗಿ ನೋಡಕ್ಕೆ ಪುರುಸೊತ್ತಿಲ್ಲ. ಗೊಂಬೆ ತಲೆ ಬಾಚೋಕೆ ಬೆಟ್ಟ ಹತ್ತಿ ಹೋಗ್ತಾರಂತೆ!"

"ಗೊಂಬೆ ಎದುರುತ್ತರ ಕೊಡಲ್ಲ ಕಣೆ" ಎಂದು ತೊಕುಜಿ ಲಾರಿ ಹತ್ತಿದ.

ಅವತ್ತು ಮೊದಲು ಕೂತವನು ಅಜ್ಜ. ತೊಕುಜಿ ಅವನ ಹೆಗಲಿಗೆ ಬಿಳಿ ಬಟ್ಟೆ ಹೊದಿಸಿ, ಟೋಪನ್ ತಿರುಗಿಸಿ ಸರಿಯಾಗಿ ಕೂರಿಸಿ, ಅಭ್ಯಾಸಬಲದಿಂದ "ಹೇಗೆ ಮಾಡ್ಲಿ?" ಎಂದೂ ಕೇಳಿದ. ಕಿವಿಯ ಸುತ್ತ ಕತ್ತರಿಸಿ, ಬೈತಲೆ ತೆಗೆದು, ಎಣ್ಣೆ ಹಚ್ಚಿ, ಹಿಂದೆ ಸರಿದು ತನ್ನ ಕೆಲಸಕ್ಕೆ ತಾನೇ ತಲೆದೂಗಿದ. ಟೀ ತಂದ ಚಿಗುಸಾ ಬಾಗಿಲಲ್ಲೇ ನಿಂತಳು.

"ತೊಕುಜಿ-ಸಾನ್, ಇವನು ನಮ್ಮ ಮುತ್ತಜ್ಜನ ಅಜ್ಜನ ಕಾಲದ ರೈತ. ಆಗೆಲ್ಲ ಜುಟ್ಟು ಕಟ್ತಿದ್ರು. ಈಗ ಒಳ್ಳೇ ಬ್ಯಾಂಕ್ ಮ್ಯಾನೇಜರ್ ಥರ ಕಾಣ್ತಿದಾನೆ."

ತೊಕುಜಿಯ ಮುಖ ಸಣ್ಣದಾಯಿತು. "ನಮ್ಮ ಗಿರಾಕಿ ಆಗಿದ್ರೆ ತಿಂಗಳಲ್ಲಿ ಬೆಳೀತಿತ್ತು. ಇವನಿಗೆ ಇನ್ನು ಬೆಳೆಯಲ್ವಲ್ಲ!"

ಆ ಸಂಜೆ ವಿಷಯ ತಿಳಿದ ಕಿನುಯೊ ಅಡುಗೆಮನೆಯಲ್ಲಿ ನಕ್ಕ ನಗು ಗೋಡೆಯಾಚೆ ನನಗೂ ಕೇಳಿತು. ಮುಂದಿನ ಸೋಮವಾರ ನಾನು ಲಾರಿ ಚಾಲೂ ಮಾಡಿದರೆ ಆಕೆ ಊಟದ ಗಂಟು ಹಿಡಿದು ನಿಂತಿದ್ದಳು. "ಸ್ವಲ್ಪ ಜಾಗ ಬಿಡಿ ಮತ್ಸುಜೊ-ಸಾನ್, ನಾನೂ ಬರ್ತೀನಿ. ಇವರೊಬ್ಬರನ್ನೇ ಬಿಟ್ರೆ ಆ ಊರಿನ ಹಿರಿಯರನ್ನೆಲ್ಲ ಮ್ಯಾನೇಜರ್ ಮಾಡಿಬಿಡ್ತಾರೆ."

ಅಜ್ಜನ ತಲೆಗೆ ಆಕೆ ನೀಲಿ ವಸ್ತ್ರವೊಂದನ್ನು ಸುತ್ತಿ ಬಿಗಿದಳು. ಹೊಲದಿಂದ ಈಗಷ್ಟೇ ಬಂದವನಂತೆ ಕಂಡ. ಸೊಸೆಯ ಟೋಪನ್ನಿನ ಬಣ್ಣ ಬದಲಿಸಲು ತೊಕುಜಿ ಪಟ್ಟ ಪಾಡೆಲ್ಲ ವ್ಯರ್ಥವಾಗಿತ್ತು, ಆ ನೈಲಾನ್ ಕೂದಲು ಬಣ್ಣ ಹಿಡಿಯುತ್ತಲೇ ಇರಲಿಲ್ಲ. ಕಿನುಯೊ ಗಂಟು ಬಿಚ್ಚಿದಳು. ಅದರಲ್ಲಿ ಊಟದ ಜೊತೆ ಆಕೆ ಹುಡುಗಿಯಾಗಿದ್ದಾಗ ಕೇಶಶೃಂಗಾರ ಕಲಿಯಲು ಬಳಸಿದ್ದ ಉದ್ದ ಕಪ್ಪು ಕೂದಲಿನ ಟೋಪನ್ ಇತ್ತು. ತನ್ನ ಅಜ್ಜಿಯ ತಲೆ ಬಾಚಿಕೊಟ್ಟೇ ಬೆಳೆದವಳು ಆಕೆ. ಚಿಗುಸಾ ಹಳೆಯ ಚಿತ್ರಗಳನ್ನು ತಂದು ಹರಡಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ, ಇಲ್ಲಿ ಸಡಿಲ, ಅಲ್ಲಿ ಬಿಗಿ ಎಂದು ವಾದಿಸುತ್ತ ತುರುಬು ಕಟ್ಟಿದರು. ತೊಕುಜಿ ಪಿನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತ.

ಆಮೇಲೆ ಸುದ್ದಿ ಹಬ್ಬಿತು. ಸಣ್ಣ ಮ್ಯೂಸಿಯಂ ನೋಡಿಕೊಳ್ಳುವವರು ಒಬ್ಬರಿಗೊಬ್ಬರು ಪರಿಚಯದವರು. ಒಂದು ಊರಲ್ಲಿ ಕಮ್ಮಾರನ ಗೊಂಬೆಗೆ ಮೀಸೆ ಉದುರಿತ್ತು, ಇನ್ನೊಂದರಲ್ಲಿ ರೇಷ್ಮೆ ನೂಲುವ ಹುಡುಗಿಯರ ಜಡೆಯಲ್ಲಿ ಇಲಿ ಗೂಡು ಕಟ್ಟಿತ್ತು. ಎಲ್ಲರೂ ಕರೆದರು, ಎಲ್ಲ ಕಡೆಯೂ ಸೋಮವಾರವೇ ಅನುಕೂಲ. ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಖಾಲಿ ಕೋಣೆಗಳಲ್ಲಿ ನಿಧಾನವಾಗಿ ಓಡಾಡುತ್ತಿದ್ದರು. ಕಡಲೂರಿನಲ್ಲಿ ತೊಕುಜಿ ಕೊನೆಗೂ ತಿಮಿಂಗಿಲದ ದವಡೆಯೊಳಗೆ ನಿಂತು, ಕೈ ಚಾಚಿದರೂ ಎರಡು ಬದಿ ಎಟುಕದೆ, "ನುಂಗು ನೋಡೋಣ!" ಎಂದು ಕೂಗಿದ. ಒಂದು ಹಿಮದೂರಿನಲ್ಲಿ ಆಕಾಶದಿಂದ ಬಿದ್ದ ಕಲ್ಲನ್ನು ಮುಟ್ಟಲು ಬಿಟ್ಟರು. ಮನೆಗೆ ಬರುವವರೆಗೂ ಅವನು ಆ ಕೈಯನ್ನು ಜೇಬಿಗೆ ಹಾಕಲಿಲ್ಲ.

ಅಂಗಡಿಯಲ್ಲಿ ಮಾತ್ರ ಗಿರಾಕಿಗಳ ಗೋಳು ಹೆಚ್ಚಿತು. "ತಿಮಿಂಗಿಲ ಆಮೇಲೆ ಇರ್ಲಿ ಮಾರಾಯ, ಮೊದಲು ನನ್ನ ಎಡಗಿವಿ ಕಡೆ ಮುಗಿಸು!"

ಎರಡು ವರ್ಷ ಹೀಗೆ ಕಳೆದ ಮೇಲೆ ಚಿಗುಸಾ ಹೊಸ ಕೆಲಸ ಕೊಟ್ಟಳು. ತಕಿನೊಸಾವಾದಲ್ಲಿ ಪುರಾತನ ಕಾಲದ ಬೇಟೆಗಾರನ ಗೊಂಬೆಯೊಂದನ್ನು ನಿಲ್ಲಿಸಲಿದ್ದರು. ಕೂದಲು ಕಾಡುಕಾಡಾಗಿರಬೇಕು. ತೊಕುಜಿ ಟೋಪನ್ ತಂದು ಅಂಗಡಿಯಲ್ಲೇ ಕೆಲಸಕ್ಕೆ ಕೂತ. ಆದರೆ ಜೀವಮಾನವಿಡೀ ತಲೆ ಒಪ್ಪ ಮಾಡಿದ ಕೈಗೆ ಕೆದರಲು ಬರಲೇ ಇಲ್ಲ. ಕೆದರಿದರೂ ಸಿನಿಮಾ ನಟನಂತೆ ಚೆಂದವಾಗಿ ಕೆದರುತ್ತಿತ್ತು. ಚಿಗುಸಾ ಬಂದು ನೋಡಿ, "ಇನ್ನೂ ಒರಟಾಗಿ" ಅಂದಳು. ಮತ್ತೆ ಬಂದಳು, ಮತ್ತೆ ಅದನ್ನೇ ಅಂದಳು. ತೊಕುಜಿಗೆ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ ಕಿನುಯೊ ಆ ಟೋಪನ್ ತೆಗೆದು ಗಂಡನ ಬೋಳು ತಲೆಗೆ ಒತ್ತಿದಳು. "ಮದುವೆಯಾದ ಹೊಸದರಲ್ಲಿ ನಿಮ್ಮ ತಲೆ ಬೆಳಿಗ್ಗೆ ಹೇಗಿರ್ತಿತ್ತು ಅಂತ ನನಗೆ ಇನ್ನೂ ನೆನಪಿದೆ. ಹೋಗಿ ಮಲಗಿ."

ಅವನು ಗಿರಾಕಿಗಳು ಕಾಯುವ ಬೆಂಚಿನ ಮೇಲೇ ಮಲಗಿ ಗೊರಕೆ ಹೊಡೆದ. ಎರಡೂ ಮಗ್ಗುಲಾದ. ಅಷ್ಟರಲ್ಲಿ ಕ್ಷೌರಕ್ಕೆಂದು ಬಂದ ಅಂಚೆಯವನು ಬಾಗಿಲು ತಳ್ಳಿದ. ತೊಕುಜಿ ದಡಬಡಿಸಿ ಎದ್ದು ಕೂತು, "ಬನ್ನಿ ಬನ್ನಿ!" ಅಂದ. ಅಂಚೆಯವನು ಬಂದ ದಾರಿಯಲ್ಲೇ ಹಿಂದೆ ಸರಿದು ನನ್ನ ಅಂಗಡಿಗೆ ನುಗ್ಗಿ, "ಒಳಗೆ ಯಾರೋ ಕೂತಿದಾರೆ! ತೊಕುಜಿ-ಸಾನ್ ಎಲ್ಲಿ?" ಎಂದು ಏದುಸಿರುಬಿಟ್ಟ. ನಾನು ಹೋಗಿ ನೋಡಿದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಹುಲ್ಲುಬಣವೆ, ನಡುವೆ ತೊಕುಜಿಯ ಕನ್ನಡಕ. ಕಿನುಯೊ ಅವನನ್ನು ಅಲುಗಾಡಬೇಡಿ ಎಂದು ಗದರಿಸುತ್ತ, ಕೂದಲಿಗೆ ತೆಳ್ಳಗೆ ಅಂಟು ಸಿಂಪಡಿಸುತ್ತಿದ್ದಳು.

ಬೇಟೆಗಾರನನ್ನು ಜನರಿಗೆ ತೋರಿಸುವ ದಿನ ಭಾನುವಾರ ಗೊತ್ತಾಯಿತು. ಭಾನುವಾರವೆಂದರೆ ಅಂಗಡಿಗೆ ಉಸಿರಾಡಲು ಬಿಡುವಿರದ ದಿನ. ತೊಕುಜಿ ಎರಡು ಮನಸ್ಸು ಮಾಡುತ್ತಿದ್ದ. ಕಿನುಯೊ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಳು.

ಅವತ್ತು ಅವನು ಮೊದಲ ಸಲ ಲೈಟು ಉರಿಯುತ್ತಿದ್ದ, ಜನ ತುಂಬಿದ ಮ್ಯೂಸಿಯಂ ನೋಡಿದ. ಬೇಟೆಗಾರನ ಮುಂದೆ ಮಂದಿ ಮುಗಿಬಿದ್ದಿದ್ದರು. ಆದರೆ ತೊಕುಜಿ ಜನರ ಸಂದಿಯಲ್ಲಿ ನುಸುಳಿ ರೈತರ ಮನೆಯ ಬಳಿ ಹೋಗಿ ನಿಂತ. ಅಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು ಗಂಜಿ ತಿರುವುವ ಸೊಸೆಯನ್ನೇ ನೋಡುತ್ತಿದ್ದಳು.

"ನಮ್ಮತ್ತೆ ಹೀಗೇ ಇದ್ದಳು" ಎಂದಳು, ಯಾರಿಗೂ ಅಲ್ಲ ಎಂಬಂತೆ. "ತುರುಬು ಹೀಗೇ ಸ್ವಲ್ಪ ಎಡಕ್ಕೆ. ಬಯ್ಯೋಕೆ ಬಾಯಿ ತೆಗೀತಾಳೇನೋ ಅನ್ನಿಸ್ತಿದೆ." ಆಮೇಲೆ ಗೊಂಬೆಯ ಕಡೆ ಬಾಗಿ, "ಅತ್ತೆ, ಗಂಜಿ ತಳ ಹಿಡೀತಿದೆ ನೋಡು. ಈಗ ಹೇಳು ನನಗೆ!" ಎಂದು ಕಿಸಕ್ಕನೆ ನಕ್ಕಳು. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡಳು.

ತೊಕುಜಿ ಜನರ ನಡುವೆ ಹೆಂಡತಿಯನ್ನು ಹುಡುಕಿ ತೋಳು ಹಿಡಿದು ಎಳೆತಂದು, ಮುದುಕಿಯ ಮುಂದೆ ನಿಲ್ಲಿಸಿದ. "ಆ ತುರುಬು ಕಟ್ಟಿದ್ದು ಇವಳು."

"ಇವರು ಪಿನ್ನು ಹಿಡ್ಕೊಂಡಿದ್ರು" ಅಂದಳು ಕಿನುಯೊ.

ಮುದುಕಿ ಇಬ್ಬರ ಕೈಯನ್ನೂ ಹಿಡಿದುಕೊಂಡು ಅತ್ತೆಯ ಕಥೆ ಶುರುಮಾಡಿದಳು. ಕಥೆ ಉದ್ದವಿತ್ತು. ಕೊನೆಗೆ ಮೂವರೂ ಹೊರಗಿನ ಬೆಂಚಿನಲ್ಲಿ ಕೂತು ಕಿನುಯೊ ತಂದಿದ್ದ ಅನ್ನದ ಉಂಡೆಗಳನ್ನು ಹಂಚಿಕೊಂಡು ತಿಂದರು. ನಾನು ಲಾರಿಯ ಹತ್ತಿರ ಕಾಯುತ್ತ ನಿಂತಿದ್ದೆ. ತೊಕುಜಿ ನನ್ನತ್ತ ಕೈಬೀಸಿ, "ಮತ್ಸುಜೊ, ನೀನೂ ಬಾರೋ! ಅತ್ತೆ ಇನ್ನೂ ಮದುವೆಯೇ ಆಗಿಲ್ಲ, ಕಥೆ ಈಗ ತಾನೇ ಶುರುವಾಗಿದೆ" ಎಂದು ಕೂಗಿದ.