ನಡುವಿನಿಂದ ಬಾರದ ಇಂಗ್ಲಿಷು

ಹೆಂಡತಿ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರು "ಹೆಂಗಾತ್ರಿ?" ಎಂದು ಕೇಳುತ್ತಾರೆ. ಆಸ್ಪತ್ರೆಯಿಂದ ಶುರು ಮಾಡಬೇಕಾದ ನಾನು ಕನ್ಯೆ ನೋಡಲು ಹೋದ ದಿನದಿಂದ ಶುರು ಮಾಡುತ್ತೇನೆ. ಬಂದವರು ಚಪ್ಪಲಿ ಹುಡುಕತೊಡಗುತ್ತಾರೆ. ಅದಕ್ಕೇ ಬರೆಯಲು ಕೂತೆ. ಕಾಗದ ಎದ್ದು ಹೋಗುವುದಿಲ್ಲ.

ಐವತ್ತರ ದಶಕದ ಮಾತು. ನಾನು ಸೋಲಾಪುರದ ಕಡೆಯ ಮೈಂದರ್ಗಿಯವನು. ಮನೆಯಲ್ಲಿ ಕನ್ನಡ, ಅಕ್ಕಲಕೋಟೆಯ ಶಾಲೆಯಲ್ಲಿ ಮರಾಠಿ. ಇಂಗ್ಲಿಷು ಎಂಟನೆಯ ಇಯತ್ತೆಯಲ್ಲಿ ಬಂತು. ಬಂದದ್ದು ಹೊಸ್ತಿಲಲ್ಲೇ ನಿಂತಿತು. ಮಾಸ್ತರರು ಕ್ರಿಯಾಪದಗಳ ಮೂರು ರೂಪಗಳನ್ನು ಮಗ್ಗಿಯ ಹಾಗೆ ಹಾಡಿಸಿ ಕಲಿಸಿದರು. ಇಡೀ ವರ್ಗ ಹಿಂದೆ ಮುಂದೆ ತೂಗುತ್ತ "ಅರೈಸ್, ಅರೋಸ್, ಅರಿಸನ್" ಎಂದು ಎತ್ತಿಕೊಂಡರೆ "ರೈಟ್, ರೋಟ್, ರಿಟನ್" ಎಂಬಲ್ಲಿ ಹೋಗಿ ಉಸಿರು ಬಿಡುತ್ತಿತ್ತು. ಪರೀಕ್ಷೆಯಲ್ಲೂ ನಾನು ಮೊದಲಿನಿಂದ ಗುನುಗುತ್ತ ಬಂದು, ಬೇಕಾದ ಶಬ್ದ ಸಿಕ್ಕಿದೊಡನೆ ಹಿಡಿದು ಬರೆಯುತ್ತಿದ್ದೆ. ಹಾಗೆಯೇ ಎರಡನೆಯ ಸಲಕ್ಕೆ ಮ್ಯಾಟ್ರಿಕ್ ದಾಟಿದೆ.

ಆಮೇಲೆ ಸೋಲಾಪುರದ ಒಂದು ಸಂಬಂಧ ಬಂತು. ಅಪ್ಪ ತಲೆಗೆ ಹೊಸ ಪಟಕಾ ಸುತ್ತಿಕೊಂಡು ನನ್ನನ್ನು ಕರೆದುಕೊಂಡು ಹೋದ. ಹುಡುಗಿ ಚಹಾ ತಂದಳು. ಅವಳನ್ನೇ ನೋಡುತ್ತ ಅರ್ಧ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲಿಕೊಂಡೆ. ಕೊಟ್ಟರೆ ಇವಳನ್ನೇ ಕೊಡಲಿ ಎಂದು ಆ ಕ್ಷಣವೇ ಅನ್ನಿಸಿತು. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅವಳ ಸೋದರಮಾವನ ಮಾತು. ಗಿರಣಿಯ ಕಚೇರಿಯಲ್ಲಿ ಕಾರಕೂನ, ಇಂಗ್ಲಿಷ್ ಬಲ್ಲವರು.

"ಮ್ಯಾಟ್ರಿಕ್ ಆಗೇದಂತಲ್ಲ? 'ರೈಟ್'ದು ಮೂರು ರೂಪ ಹೇಳು, ನೋಡೂನು," ಎಂದರು.

ಇದ್ದಬದ್ದ ಶಬ್ದಗಳನ್ನೆಲ್ಲ ಬಿಟ್ಟು ಕಟ್ಟಕಡೆಯದನ್ನೇ ಕೇಳಿದ್ದರು. ಬೇರೆ ದಾರಿಯಿರಲಿಲ್ಲ. ಚಹಾ ಕೆಳಗಿಟ್ಟು "ಅರೈಸ್" ಎಂದು ಹಿಡಿದೆ.

"ಏ ತಮ್ಮಾ, ನಾ ಕೇಳಿದ್ದು ರೈಟು!"

ಎಳೆ ಕಡಿಯಿತು. ಮತ್ತೆ "ಅರೈಸ್"ಗೆ ಹೋದೆ.

"ನಡುವ ಮಾತಾಡಿಸಬ್ಯಾಡ್ರಿ ಬೀಗರ," ಎಂದ ಅಪ್ಪ, "ಮತ್ತ ಮೊದಲಿಂದ ಹಿಡೀತಾನ."

"ಇನ್ನೂ ಬೀಗರಾಗಿಲ್ರಿ."

ನಾನು ನಿಲ್ಲಿಸಲಿಲ್ಲ. ಮೈ ತನ್ನಷ್ಟಕ್ಕೆ ತೂಗತೊಡಗಿತು. "ಡ್ರಿಂಕ್, ಡ್ರ್ಯಾಂಕ್, ಡ್ರಂಕ್" ಎನ್ನುವಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. "ಸ್ಲೀಪ್, ಸ್ಲೆಪ್ಟ್" ಬರುವಷ್ಟರಲ್ಲಿ ಮನೆಯ ಅಜ್ಜಿ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ನಗೆಯೊಂದು ಸಿಡಿಯಿತು. "ಏ, ಸುಮ್ಮನಿರ!" ಎಂದು ಹುಡುಗಿಯನ್ನು ಅವಳ ತಾಯಿ ಗದರಿದ್ದೂ ಕೇಳಿಸಿತು. ಮುಗಿಯಿತು ನನ್ನ ಕಥೆ ಎಂದುಕೊಂಡೇ "ರಿಟನ್" ತನಕ ಹೋಗಿ ಬಿದ್ದೆ.

"ಇದು ಮ್ಯಾಟ್ರಿಕ್ ಅಲ್ಲೋ, ಭಜನಿ," ಎಂದರು ಸೋದರಮಾವ. "ಸಾಹೇಬ ಒಂದು ಮಾತು ಕೇಳಿದ್ರ ಕಚೇರ್ಯಾಗೂ ಹಿಂಗs ಹಾಡ್ತೀಯೇನು?"

"ಹೌದ್ರಿ, ನಡುವಿಂದ ಬರೂದಿಲ್ರಿ ನನಗ," ಎಂದೆ.

ಊರ ಬಸ್ಸಿನಲ್ಲಿ ಅಪ್ಪ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಚಹಾ ಚಲೋ ಇತ್ತು," ಎಂದ. ನಾನು ಕುಡಿದೇ ಇರಲಿಲ್ಲ.

ಕೆಲವು ದಿನಗಳ ಮೇಲೆ ಹುಡುಗಿಯ ತಂದೆ ಒಬ್ಬರೇ ಮೈಂದರ್ಗಿಗೆ ಬಂದರು. ಕೂತು ನೀರು ಕುಡಿದು, "ನಮ್ಮಾಕಿ ಹೂಂ ಅಂದಾಳ್ರಿ. ಆಕೀ ಮಾಮಾ ಸಿಟ್ಟಾಗ್ಯಾನ, ಆಗಲಿ ಬಿಡ್ರಿ. ಒಂದು ಮಾತು ಕೇಳ್ಕೊಂಡು ಬಾ ಅಂದಾಳ: ಜಗಳಾ ಆದ್ರೂ ಹುಡುಗ ಹಿಂಗs ಮೊದಲಿಂದ ಹಿಡೀತಾನೇನು?" ಎಂದರು.

"ಅವಗ ಜಗಳಾನ ಬರೂದಿಲ್ರಿ," ಎಂದ ಅಪ್ಪ.

ಮದುವೆಯಾಗಿ ಎಷ್ಟೋ ಕಾಲದ ನಂತರ ಯಾಕೆ ಒಪ್ಪಿದೆ ಎಂದು ಅವಳನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ನಿಮ್ಮಕಿಂತ ಮೊದಲು ಬಂದವರು ನನ್ನ ನಡಸಿದ್ರು, ಓದಿಸಿದ್ರು, ಹಾಡಿಸಿದ್ರು, ಕೂದಲಾ ಬಿಚ್ಚಿಸಿ ನೋಡಿದ್ರು. ನಮ್ಮ ಮನಿಗಿ ಬಂದು ಪರೀಕ್ಷಾ ಕೊಟ್ಟು ಹೋದವರು ನೀವೊಬ್ರs."

"ಮತ್ತ ನಕ್ಕಿದ್ಯಾಕ?"

"ನಗು ಬಂತು, ನಕ್ಕೆ."

ಅಷ್ಟೇ ಹೇಳಿದಳು. ನಾನೂ ಮುಂದೆ ಕೇಳಲಿಲ್ಲ. ಕೇಳುವುದು ಇನ್ನೂ ಇತ್ತು, ಕೇಳಲು ಈಗ ಅವಳಿಲ್ಲ.