ಚಾವಡಿಯ ಮುಂದೆ ವಿಷಾನಿಲದ ಪಾಠ

ನನ್ನ ಮಾವನವರಷ್ಟು ಗಟ್ಟಿಯಾಗಿ ಕೆಮ್ಮುವವರನ್ನು ನಾನು ಬೇರೆ ಕಂಡಿಲ್ಲ. ಅದು ರೋಗದ ಕೆಮ್ಮಲ್ಲ. ನಾನು ಬಂದಿದ್ದೇನೆ, ಎದ್ದು ನಿಲ್ಲಿ ಎಂದು ಸುತ್ತಲಿನವರಿಗೆ ತಿಳಿಸುವ ಕೆಮ್ಮು. ಕಂದಾಯದ ಶೇಕ್ದಾರರಾಗಿ ಊರೂರು ತಿರುಗಿದ ಕಾಲದಲ್ಲಿ ಅದಕ್ಕೆ ಶಾನುಭೋಗರೂ ಪಟೇಲರೂ ಎದ್ದು ನಿಲ್ಲುತ್ತಿದ್ದರಂತೆ. ನಿವೃತ್ತರಾಗಿ ಸಿರಾದಲ್ಲಿ ಮನೆ ಕಟ್ಟಿಸಿಕೊಂಡು ಕೂತ ಮೇಲೆ ಏಳುವುದಕ್ಕೆ ಅತ್ತೆಯವರೊಬ್ಬರೇ ಉಳಿದಿದ್ದರು. ಅವರೂ ಮಂಡಿನೋವೆಂದು ನಿಧಾನವಾಗಿ ಏಳುತ್ತಿದ್ದರು. ಮಾವ ಸೊರಗಿಹೋಗುತ್ತಿದ್ದರು. ಅಷ್ಟರಲ್ಲಿ ಪುಣ್ಯಕ್ಕೆ ಯುದ್ಧ ಬಂತು.

ಜಪಾನಿನವರು ರಂಗೂನು ಹಿಡಿದ ಸುದ್ದಿ ಬಂದ ಮೇಲೆ ಮದರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಬರತೊಡಗಿದ್ದರು. ವಿಮಾನದಾಳಿಯಾದರೆ ಜನರನ್ನು ಕಾಪಾಡುವುದಕ್ಕೆಂದು ಊರೂರಿನಲ್ಲೂ ವಾರ್ಡನ್ನುಗಳನ್ನು ನೇಮಿಸಿದರು. ಸಂಬಳವಿಲ್ಲದ ಕೆಲಸ, ಆದರೆ ತೋಳಿಗೆ ಖಾಕಿ ಪಟ್ಟಿ, ಕೊರಳಿಗೆ ಪೀಪಿ ಇತ್ತು. ಮಾವನವರಿಗೆ ಅಷ್ಟು ಸಾಕಾಗಿತ್ತು. ಬೆಂಗಳೂರಿಗೆ ಹೋಗಿ ನಾಲ್ಕು ದಿನ ಪಾಠ ಕೇಳಿ, ಸಿರಾದ ಹಿರಿಯ ವಾರ್ಡನ್ ಆಗಿ ಹಿಂದಿರುಗಿದರು. ಬಾಂಬು ಹೊತ್ತು ಹೊರಟ ಜಪಾನಿನವನು ಬೆಂಗಳೂರು ಬಿಟ್ಟು ಸಿರಾಕ್ಕೆ ಯಾಕೆ ಬಂದಾನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹಿರಿಯ ವಾರ್ಡನ್ನರು ಇಲ್ಲಿರುವುದು ಅವನಿಗೆ ಗೊತ್ತಾಗಿದೆ ಎಂದೇ ಮಾವ ಹೇಳುತ್ತಿದ್ದರೇನೋ.

ನಾನಾಗ ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಮಾವನಿಂದ ಕಾಗದ ಬಂತು: "ಭಾನುವಾರ ತಪ್ಪದೆ ಬರತಕ್ಕದ್ದು." ಅಳಿಯನಿಗೂ ಅವರು ಹುಕುಮಿನ ಭಾಷೆಯಲ್ಲೇ ಬರೆಯುತ್ತಿದ್ದರು. ಪೆಟ್ರೋಲಿಗೆ ಬರವಿದ್ದ ಕಾಲ. ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡ ಬಸ್ಸಿನಲ್ಲಿ, ದಿಬ್ಬ ಬಂದಾಗಲೆಲ್ಲ ಇಳಿದು ತಳ್ಳುತ್ತ, ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಕರೆಸಿದ ಕಾರಣ ಇಷ್ಟೆ. ಬೆಂಗಳೂರಿನಲ್ಲಿ ಅವರಿಗೊಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟಿದ್ದರು. ಮಾವನವರ ಇಂಗ್ಲಿಷು ಕಂದಾಯದ ಕಾಗದಗಳ ಆಚೆಗೆ ಕಾಲಿಡುತ್ತಿರಲಿಲ್ಲ.

"ಅಳಿಯಂದಿರೇ, ನನಗೆ ಎಲ್ಲಾ ಗೊತ್ತಿದೆ," ಎಂದರು ಪುಸ್ತಿಕೆಯನ್ನು ಕೈಗಿಡುತ್ತ. "ಆದರೂ ನೀವೊಂದು ಸಲ ಓದಿ ಹೇಳಿ. ನನಗೆ ಗೊತ್ತಿರೋದು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡೋಣ."

ಪುಸ್ತಿಕೆ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಶತ್ರು ಮೈ ಸುಡುವ ವಿಷವನ್ನು ಚೆಲ್ಲಿದರೆ ಏನು ಮಾಡಬೇಕೆಂದು ಸರಳವಾಗಿ ಹೇಳಿತ್ತು. ಮೊದಲು ಆ ಜಾಗ ಬಿಟ್ಟು ಗಾಳಿ ಬರುವ ಕಡೆಗೆ ನಡೆಯಬೇಕು. ತಡಮಾಡದೆ ಮೈಮೇಲಿನ ಬಟ್ಟೆ ಬಿಚ್ಚಬೇಕು. ವಿಷದ ಹೆಚ್ಚಿನ ಪಾಲು ಬಟ್ಟೆಯ ಜೊತೆಗೇ ಹೋಗುತ್ತದೆ. ಮೈಗೆ ತಾಗಿದ ಹನಿಯನ್ನು ಒಣ ಬಟ್ಟೆಯಿಂದಲೋ ಬೂದಿಯಿಂದಲೋ ಒಣಮಣ್ಣಿನಿಂದಲೋ ಒತ್ತಿ ಹೀರಿಸಿ ತೆಗೆಯಬೇಕು, ತಿಕ್ಕಬಾರದು, ತಿಕ್ಕಿದರೆ ಹರಡುತ್ತದೆ. ಪುಡಿಯಾದರೆ ಒಣಗಿದ್ದಾಗಲೇ ಕೊಡವಬೇಕು, ಏಕೆಂದರೆ ಕೆಲವು ಪುಡಿಗಳು ನೀರು ಸೋಕಿದ ಮೇಲೇ ಕೆರಳುತ್ತವೆ. ನೀರು ಆಮೇಲೆ, ಧಾರಾಳವಾಗಿ. ಬೇಸಿಗೆಯಲ್ಲಿ ಒಂದು ಕೊಡ ಸಿಹಿನೀರಿಗೆ ಅರ್ಧ ದಿನ ಬಾವಿಕಟ್ಟೆ ಕಾಯುವ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ವಿದ್ಯೆ ಇರಲಿಲ್ಲ. ಬೂದಿಗೂ ಮಣ್ಣಿಗೂ ನಮ್ಮಲ್ಲಿ ಬರವೇ?

ಮಾವನವರಿಗೆ ಹಿಡಿಸಿದ್ದು ಒಂದೇ ಮಾತು: ಬಟ್ಟೆ ಬಿಚ್ಚಿಸಬೇಕು. ಇನ್ನೊಬ್ಬರಿಂದ ಬಟ್ಟೆ ಬಿಚ್ಚಿಸುವ ಅಧಿಕಾರ ಶೇಕ್ದಾರಿಕೆಯಲ್ಲೂ ಅವರಿಗಿರಲಿಲ್ಲ.

ಮಾರನೆಯ ಭಾನುವಾರ ಚಾವಡಿಯ ಮುಂದೆ ಮೊದಲ ಪಾಠ. ಅದಕ್ಕೂ ನಾನು ಬರತಕ್ಕದ್ದು ಎಂದು ಹುಕುಮಾಗಿತ್ತು. ಅಂಗಡಿ ಬೀದಿಯವರೆಲ್ಲ ಸೇರಿದ್ದರು. ಪಾಠಕ್ಕೆ ಒಬ್ಬ ಆಳು ಬೇಕಾಗಿತ್ತು. ಮಾವ ಸುತ್ತ ಕಣ್ಣಾಡಿಸಿ, ಕುದುರೆ ಬಿಚ್ಚಿ ನೆರಳಲ್ಲಿ ಕೂತಿದ್ದ ಜಟಕಾ ಸಾಬರನ್ನು ಕರೆದರು. ಐವತ್ತರ ಹತ್ತಿರದ ಮನುಷ್ಯ, ಗಡ್ಡ ನೆರೆತಿತ್ತು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದವರು. ನೆರೆದವರಲ್ಲಿ ಅವರ ಅಳಿಯನೂ ಇದ್ದ.

ಮಾವ ಸಾಬರ ಅಂಗಿಯ ಮೇಲೆ ಹರಳೆಣ್ಣೆ ಚೆಲ್ಲಿ, "ಇದೇ ವಿಷ. ಬಿಚ್ಚು!" ಎಂದರು.

ಸಾಬರು ಅಂಗಿ ಬಿಚ್ಚಿದರು.

"ಅದನ್ನೂ ಬಿಚ್ಚು."

"ಲುಂಗಿ ಒಂದ್ ಇರ್ಲಿ ಬುಡಿ ಸ್ವಾಮಿ. ಎಣ್ಣೆ ಅಲ್ಲಿಗೆ ಬಿದ್ದಿಲ್ಲ," ಎಂದರು ಸಾಬರು, ಮೆಲ್ಲಗೆ.

"ನಿನ್ನ ಮಾನ ಮರ್ಯಾದೆ ವಿಷಕ್ಕೆ ಗೊತ್ತಾಗುತ್ತೇನಯ್ಯ? ಬಿಚ್ಚು ಅಂದ್ರೆ ಬಿಚ್ಚಬೇಕು!"

ಜನ ನಕ್ಕರು. ಸಾಬರ ಅಳಿಯ ತಲೆ ತಗ್ಗಿಸಿ ಗುಂಪಿನಿಂದ ಆಚೆ ಹೋದ. ಸಾಬರು ಒಳಚಡ್ಡಿಯಲ್ಲಿ ಬಿಸಿಲಿನಲ್ಲಿ ನಿಂತರು. ಮಾವ ಅವರ ಎದೆಗೆ ಬೂದಿ ಒತ್ತಿ ಎಣ್ಣೆ ಹೀರಿಸಿ ತೋರಿಸುತ್ತ, ಬೆಂಗಳೂರಿನ ಗುಣಗಾನ ಮಾಡುತ್ತ, ಬೇಕಾದ್ದಕ್ಕಿಂತ ಬಹಳ ಹೊತ್ತು ಅವರನ್ನು ಹಾಗೆಯೇ ನಿಲ್ಲಿಸಿಕೊಂಡರು. ಕೊನೆಗೆ ನಾನೇ ಹೋಗಿ ಲುಂಗಿ ಎತ್ತಿ ಸಾಬರ ಕೈಗೆ ಕೊಟ್ಟೆ. ಆ ರಾತ್ರಿ ಊಟಕ್ಕೆ ಕೂತಾಗ ಮಾವ ಹೇಳಿದರು: "ಪಾಠದ ಮಧ್ಯೆ ಬಾಯಿ ಹಾಕಬಾರದು ಅಳಿಯಂದಿರೇ. ಶಿಸ್ತು ಕೆಡುತ್ತೆ."

ಬಾಯಿ ಹಾಕಿರಲಿಲ್ಲ, ಲುಂಗಿ ಕೊಟ್ಟಿದ್ದೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಅನ್ನ ಕಲಸಿದೆ. ಅಂಥವರ ಜೊತೆ ವಾದ ಮಾಡುವುದೂ ಅವರಿಗೆ ಮರ್ಯಾದೆ ಕೊಟ್ಟಂತೆ ಎಂದು ನನಗನ್ನಿಸುತ್ತಿತ್ತು.

ಎರಡನೆಯ ಪಾಠಕ್ಕೆ ತಾಲ್ಲೂಕಿನ ಅಮಲ್ದಾರರೇ ಬರುತ್ತಾರೆಂದು ಗೊತ್ತಾಯಿತು. ಮಾವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹರಳೆಣ್ಣೆಯ ವಿಷ ಅಮಲ್ದಾರರ ಅಂತಸ್ತಿಗೆ ಸಾಲದು. ಬಾಂಬೇ ಬೀಳಬೇಕು, ಹೊಗೆಯೇಳಬೇಕು. ಅದಕ್ಕೆಂದು ಒಂದು ಮಡಕೆಯ ತುಂಬ ಬಿಳಿ ಪುಡಿ ತುಂಬಿ ಚಾವಡಿಯ ಮಾಳಿಗೆಯಿಂದ ಕೆಳಕ್ಕೆ ಎಸೆಯುವುದೆಂದು ಗೊತ್ತುಮಾಡಿದರು. ಮೈದಾ ಹಿಟ್ಟು ದುಬಾರಿ. ಬುಕ್ಕಾಪಟ್ಟಣದ ದಾರಿಯ ಸುಣ್ಣದ ಗೂಡಿನಿಂದ ಒಂದು ಚೀಲ ಸುಣ್ಣ ತರಿಸಿದರು. ಆಗತಾನೇ ಸುಟ್ಟು ತೆಗೆದ, ನೀರು ಕಾಣದ, ಅರಳದ ಸುಣ್ಣ. ಅದನ್ನು ಚಾವಡಿಯ ಜವಾನನ ಕೈಲಿ ಕುಟ್ಟಿಸಿ ಪುಡಿಮಾಡಿಸಿದ್ದರು.

ನಾನು ಬೆಳಿಗ್ಗೆ ಹೋದಾಗ ಮಡಕೆ ಸಿದ್ಧವಾಗಿತ್ತು. ಮುಟ್ಟಿ ನೋಡಿ ಹೇಳಿದೆ: "ಮಾವ, ಇದು ಅರಳದ ಸುಣ್ಣ. ಬೆವರು ಸೋಕಿದರೂ ಬೇಯುತ್ತೆ. ಬೂದಿ ತುಂಬಿಸಿ."

"ಬೂದಿ ಕಪ್ಪಗಿರುತ್ತೆ. ದೂರದಿಂದ ಕಾಣೋಲ್ಲ."

"ಜನ ಸುಟ್ಟುಕೊಳ್ತಾರೆ."

"ಎಷ್ಟು ಮನೆಗೆ ಸುಣ್ಣ ಹೊಡೆಸಿದೀನಿ ಗೊತ್ತೇನ್ರೀ ನಾನು? ಮಕ್ಕಳಿಗೆ ಪಾಠ ಹೇಳೋ ಹಾಗೆ ನನಗೆ ಹೇಳಬೇಡಿ."

ಅವರು ಹೊಡೆಸಿದ್ದು ಅರಳಿಸಿ ಸೋಸಿದ ಸುಣ್ಣ, ಅದೂ ಬೇರೆಯವರ ಕೈಲಿ. ಅಮಲ್ದಾರರು ಬಂದಾಗ ಇದನ್ನೇ ಹೇಳಿದೆ. ಅವರು ಕೈಗಡಿಯಾರ ನೋಡಿಕೊಂಡು, "ದೂರ ನಿಂತರಾಯಿತು," ಎಂದು ಕುರ್ಚಿಯನ್ನು ಹಿಂದಕ್ಕೆ ಎಳೆಸಿಕೊಂಡರು. ಅಧಿಕಾರಿಗಳ ಬುದ್ಧಿ ತಮ್ಮ ಕುರ್ಚಿಯವರೆಗೆ ಚುರುಕಾಗಿಯೇ ಓಡುತ್ತದೆ. ನಾನು ಹೆಂಗಸರನ್ನೂ ಮಕ್ಕಳನ್ನೂ ಎದುರು ಜಗಲಿಗೆ ಅಟ್ಟಿದೆ. ಅತ್ತೆಯವರೂ ನನ್ನ ಹೆಂಡತಿಯೂ ಅಲ್ಲೇ ಕೂತರು.

ಮಾವ ಉದ್ದನೆಯ ಉಣ್ಣೆಯ ಕೋಟು, ಜರಿ ಪೇಟ, ಕೊರಳಿಗೆ ಪೀಪಿ ಹಾಕಿಕೊಂಡು ನಡುವೆ ನಿಂತಿದ್ದರು. ಮಟಮಟ ಮಧ್ಯಾಹ್ನ, ಕೋಟಿನ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಅಂದೂ ಜಟಕಾ ಸಾಬರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಪೀಪಿ ಊದಿದರು. ಮಾಳಿಗೆಯ ಮೇಲಿನ ಜವಾನ ಮಡಕೆ ಬಿಟ್ಟ. ಅದು ಕಲ್ಲಿನ ಮೇಲೆ ಬಿದ್ದು ಒಡೆಯುವುದಕ್ಕೂ ಕೋಟೆಯ ಕಡೆಯಿಂದ ಗಾಳಿ ಬೀಸುವುದಕ್ಕೂ ಸರಿಹೋಯಿತು. ಬಿಳಿ ಹೊಗೆ ಎದ್ದು ನೇರ ಇಬ್ಬರ ಮೇಲೂ ಕವಿಯಿತು.

ಸಾಬರು ಒಂದು ಗಳಿಗೆಯೂ ನಿಲ್ಲಲಿಲ್ಲ. ಕಣ್ಣು ಬಾಯಿ ಮುಚ್ಚಿಕೊಂಡು ಗಾಳಿಗೆ ಎದುರಾಗಿ ಓಡಿ, ಅಂಗಿ ಹರಿದು ಎಸೆದು, ಲುಂಗಿಯನ್ನೂ ಕಿತ್ತೆಸೆದು, ಬಗ್ಗಿ ಗಡ್ಡ ತಲೆ ಕೊಡವಿಕೊಂಡರು. ಈ ಸಲ ಯಾರೂ ನಗಲಿಲ್ಲ. ನಾನು ಒಣ ಟವೆಲಿನಿಂದ ಅವರ ಬೆನ್ನು ಕೊಡವಿದೆ. ಚರ್ಮ ಎಲ್ಲೂ ಕೆಂಪಾಗಿರಲಿಲ್ಲ.

ಮಾವನವರು ನಿಂತಲ್ಲೇ ಇದ್ದರು. ಕನ್ನಡಕ ಕಣ್ಣನ್ನು ಉಳಿಸಿತ್ತು. ಆದರೆ ಪುಡಿ ಕೋಟಿನ ಕೊರಳಪಟ್ಟಿಯೊಳಗೆ ಇಳಿದು, ಬೆವರಿಗೆ ಸಿಕ್ಕಿ, ತನ್ನ ಕೆಲಸ ಶುರುಮಾಡಿತ್ತು.

"ಮಾವ, ಕೋಟು ಬಿಚ್ಚಿ!" ಎಂದು ಕೂಗಿದೆ.

"ಅಮಲ್ದಾರರ ಮುಂದೆಯೇ?" ಎಂದರು, ಹಲ್ಲು ಕಚ್ಚಿಕೊಂಡು. ಬಿಚ್ಚಲು ಹೋದ ನನ್ನ ಕೈಯನ್ನು ತಳ್ಳಿದರು. "ನೀರು! ಯಾರಲ್ಲಿ, ನೀರು ತನ್ನಿ!"

"ಈಗಲೇ ನೀರು ಬೇಡ!" ಎಂದು ನಾನು ಕಿರುಚುತ್ತಿದ್ದಂತೆಯೇ ಯಾವನೋ ಸ್ವಾಮಿಭಕ್ತ ಒಂದು ಚೊಂಬು ನೀರು ತಂದು ಹಿರಿಯ ವಾರ್ಡನ್ನರ ಕತ್ತಿನ ಮೇಲೆ ಸುರಿದುಬಿಟ್ಟ. ತೊಳೆಯುವುದಕ್ಕೆ ಸಾಲದ, ಸುಣ್ಣ ಕುದಿಯುವುದಕ್ಕೆ ಸಾಕಾದ ಒಂದು ಚೊಂಬು ನೀರು. ಕೊರಳಪಟ್ಟಿಯಿಂದ ಹಬೆ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮಾವ ಕೂಗಿಕೊಂಡರು. ಆಗಲೂ ಅವರ ಎರಡೂ ಕೈ ಕೋಟಿನ ಗುಂಡಿಗಳನ್ನು ಹಿಡಿದುಕೊಂಡೇ ಇದ್ದವು.

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಇಳಿದು ಬಂದರು. ಅವರ ಮಂಡಿ ಅಷ್ಟು ಬೇಗ ನಡೆದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಯಾರನ್ನೂ ಏನೂ ಕೇಳದೆ ಜರಿ ಪೇಟ ಕಿತ್ತು ಮಣ್ಣಿಗೆ ಎಸೆದರು. ಕೋಟಿನ ಎರಡು ಅಂಚು ಹಿಡಿದು ಜಗ್ಗಿದ ರಭಸಕ್ಕೆ ಗುಂಡಿಗಳು ಚಿಮ್ಮಿದವು.

"ಏಯ್, ಏನೇ ಮಾಡ್ತಿದೀಯ? ಜನ ನೋಡ್ತಿದಾರೆ!"

"ನೋಡ್ಲಿ. ಸುಟ್ಟುಕೊಂಡು ಸತ್ರೆ ಆಗಲೂ ನೋಡ್ತಾರೆ. ಎತ್ರೀ ಕೈನ!"

ಅಂಗಿ ಹೋಯಿತು, ಪಂಚೆಯೂ ಹೋಯಿತು. ಅತ್ತೆ ಸೆರಗಿನಿಂದ ಒಣ ಪುಡಿಯನ್ನೆಲ್ಲ ಕೊಡವಿದರು, ಒದ್ದೆಯಾಗಿ ಅಂಟಿದ್ದನ್ನು ಒತ್ತಿ ಒತ್ತಿ ತೆಗೆದರು. ಅಮಲ್ದಾರರು ಸಭ್ಯರು, ಮುಖ ತಿರುಗಿಸಿಕೊಂಡು ನಿಂತರು. ಆಮೇಲೆ ಸಾಬರೇ ಲುಂಗಿ ಸುತ್ತಿಕೊಂಡು ಜಟಕಾ ಕಟ್ಟಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿ ಡಾಕ್ಟರು ಕೊಡಗಟ್ಟಲೆ ನೀರು ತರಿಸಿ ಬಹಳ ಹೊತ್ತು ಸುರಿಸಿದರು. ಕತ್ತು, ಕಂಕುಳು, ಸೊಂಟದ ಸುತ್ತ ಬೆಂದಿತ್ತು. ವಾಸಿಯಾಗಲು ತಿಂಗಳ ಮೇಲಾಯಿತು. ಕತ್ತಿನ ಕಲೆ ಕೊನೆಯವರೆಗೂ ಉಳಿಯಿತು.

ಸಾಬರು ಎರಡು ಸಲ ನೋಡಲು ಬಂದರು. ಎರಡು ಸಲವೂ ಮಾವ ನಿದ್ದೆ ಬಂದವರಂತೆ ಗೋಡೆಯ ಕಡೆ ತಿರುಗಿಕೊಂಡರು. ಅತ್ತೆ ಸಾಬರನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. "ಅಮ್ಮಾ, ಅವ್ರು ಕಲ್ಸಿದ್ದಕ್ಕೇ ನಾನ್ ಉಳ್ಕಂಡೆ. ಅಷ್ಟ್ ಹೇಳ್ಬುಟ್ಟು ಹೋಗಾಣ ಅಂತ ಬಂದೆ," ಎಂದು ಹೇಳಿ ಹೋದರು. ಮಾವನವರ ಬಗ್ಗೆ ಒಬ್ಬರು ಕೃತಜ್ಞತೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದನ್ನು ಕಿವಿಗೆ ಹಾಕಿಕೊಳ್ಳುವ ಯೋಗ್ಯತೆ ಅವರಿಗಿರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಕಥೆ ಬೇರೆಯಾಯಿತು. ಬಂದವರಿಗೆಲ್ಲ ಕತ್ತು ತೋರಿಸಿ, "ಯುದ್ಧಕಾಲದ ಗಾಯ," ಎನ್ನತೊಡಗಿದರು. ಸುಣ್ಣದ ಗೂಡಿನವನು ಕಲಬೆರಕೆ ಮಾಡಿದ್ದ ಎಂದರು, ಜವಾನ ಮುಹೂರ್ತ ತಪ್ಪಿಸಿದ ಎಂದರು. ಹೆಂಡತಿಯ ಜೊತೆ ಮಾತು ಬಿಟ್ಟಿದ್ದರು. ಅತ್ತೆಯವರಿಗೆ ಅದರಿಂದ ಬಹಳ ಆರಾಮವಾಗಿತ್ತು.

ಹಬ್ಬಕ್ಕೆ ಮನೆಮನೆಗೂ ಸುಣ್ಣ ಹೊಡೆಯುವ ಕಾಲ ಬಂದಾಗ ಬೀದಿಯ ಹೆಂಗಸರು ಅತ್ತೆಯವರ ಬಳಿ ಬಂದರು. ಅಂದು ಏನು ಮಾಡಿದಿರಿ, ನಮಗೂ ಹೇಳಿಕೊಡಿ ಎಂದರು. ಅತ್ತೆ ನನ್ನ ಕೈಲಿ ಪುಸ್ತಿಕೆಯನ್ನು ಇನ್ನೊಂದು ಸಲ ಓದಿಸಿ ಕೇಳಿಸಿಕೊಂಡು, ಹಿತ್ತಲ ಬಾಗಿಲು ಹಾಕಿಕೊಂಡು ಪಾಠ ಶುರುಮಾಡಿದರು. ಒಳಗಿಂದ ಅವರ ದನಿ ಕೇಳುತ್ತಿತ್ತು: "ಮೊದಲು ಸೀರೆ ಬಿಚ್ಚಿ ಬಿಸಾಕ್ರಿ, ನಾಚಿಕೆ ಆಮೇಲೆ. ಒಣಗಿದ್ದಾಗಲೇ ಕೊಡವಿ. ಕಣ್ಣಿಗೆ ಬಿದ್ರೆ ಮಾತ್ರ ಒಡನೆ ನೀರು, ನಿಲ್ಲಿಸದೆ ಹಾಕ್ತಾನೇ ಇರಬೇಕು." ನಡುನಡುವೆ ಹೆಂಗಸರೆಲ್ಲ ಗೊಳ್ಳೆಂದು ನಗುತ್ತಿದ್ದರು.

ನಡುಮನೆಯಲ್ಲಿ ಮಾವ ಒಂದು ಸಲ ಕೆಮ್ಮಿದರು. ಒಳಗಿನ ನಗು ನಿಲ್ಲಲಿಲ್ಲ. ಆಗ ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಬೆಂಗಳೂರಿಗೊಂದು ಕಾಗದ ಬರೆದುಕೊಡಿ. ಹಿರಿಯ ವಾರ್ಡನ್ನರು ಸ್ತ್ರೀಯರಿಗೂ ತರಬೇತಿ ಏರ್ಪಡಿಸಿದ್ದಾರೆ ಅಂತ. ಇಂಗ್ಲಿಷು ಸ್ವಲ್ಪ ಗಟ್ಟಿಯಾಗಿರಲಿ."

ಅವರ ಮುಖ ನೋಡಿದೆ. ತಮಾಷೆಯಲ್ಲ, ನಿಜವಾಗಿಯೇ ಹೇಳುತ್ತಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ, ಕೊಡೆ ತೆಗೆದುಕೊಂಡು ಹೊರಟೆ.